ಎಣ್ಣೆ ಹುಡುಕಿದವರಿಗೆ ಸಿಕ್ಕ ಬಿಸಿನೀರು

ಮೊನ್ನೆ ಟೀ ಅಂಗಡೀಲಿ ಒಬ್ರು ಕೇಳಿದ್ರು, "ಹೊರದೇಶದಲ್ಲಿ ಬಿಟ್ಟುಹೋದ ಎಣ್ಣೆ ಬಾವಿಯಿಂದ ಬಿಸಿನೀರು ತೆಗೀತಾರಂತೆ. ನಮ್ ಫೇಲಾದ ಬೋರಲ್ಲೂ ಆಗುತ್ತಾ?" ಇದಕ್ಕೆ ಉತ್ತರ ಬೇಕಂದ್ರೆ ಹಂಗೇರಿ ದೇಶದ ಒಂದು ಹಳೇ ಕಥೆ ಕೇಳಬೇಕು.

ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿ, ಗ್ಯಾಸ್ ಸಿಕ್ಕಿದ್ದ ಟ್ರಾನ್ಸಿಲ್ವೇನಿಯಾವನ್ನೂ ಕಳಕೊಂಡಿತು. ಉಳಿದ ಬಯಲಲ್ಲಿ ಎಣ್ಣೆ, ಗ್ಯಾಸ್ ಹುಡುಕೋಕೆ ಶುರುಮಾಡಿದರು. ಫೆರೆಂಟ್ಸ್ ಪಾವೈ-ವಾಯ್ನ ಅನ್ನೋ ಭೂವಿಜ್ಞಾನಿ ಹೈದೂಸೊಬೊಸ್ಲೊ ಊರಲ್ಲಿ ಕೊರೆಸಿದರು. 1925ರ ಅಕ್ಟೋಬರ್‌ನಲ್ಲಿ ಸುಮಾರು 1,091 ಮೀಟರ್ ಆಳದಿಂದ 73 ಡಿಗ್ರಿ ಬಿಸಿನೀರು ಉಕ್ಕಿ ಬಂತು. ಊರು ಬಿಸಿನೀರ ಸ್ನಾನಕ್ಕೆ ಹೆಸರಾಯ್ತು. ಮುಂದೆ ಎಣ್ಣೆ ಸಿಗದ ಎಷ್ಟೋ ಬಾವಿಗಳನ್ನ ಬಿಸಿನೀರಿಗೆ ತಿರುಗಿಸಿಕೊಂಡರು. ಸೆಂಟೆಶ್ ಊರಿನ ಕಡೆ ಬಿಸಿನೀರಿಂದಲೇ ಗ್ರೀನ್‌ಹೌಸ್ ಕಾಯಿಸಿ, ಚಳಿಗಾಲದಲ್ಲೂ ಕ್ಯಾಪ್ಸಿಕಂ, ಟೊಮೇಟೊ ಬೆಳೀತಾರೆ.

ಆದ್ರೆ ತೂತು ಇದ್ರೆ ಸಾಲದು, ಲೆಕ್ಕ ಹಾಕಬೇಕು. ತಳದಲ್ಲಿ ಬಿಸಿ ಎಷ್ಟು, ಸೆಕೆಂಡಿಗೆ ನೀರೆಷ್ಟು, ಉಪ್ಪಂಶ ಎಷ್ಟು, ಹಳೇ ಕೇಸಿಂಗ್ ತುಕ್ಕು ಹಿಡಿದಿದೆಯಾ ನೋಡಬೇಕು. ಸೆಕೆಂಡಿಗೆ 10 ಲೀಟರ್ ನೀರನ್ನ 40 ಡಿಗ್ರಿ ತಣಿಸಿದರೆ ಸುಮಾರು 1,680 ಕಿಲೋವ್ಯಾಟ್ ಶಾಖ ಸಿಗುತ್ತೆ. ನೆನಪಿರಲಿ, ಇದು ಶಾಖ, ಕರೆಂಟ್ ಅಲ್ಲ. ದೂರ ಸಾಗಿಸಿದರೆ ದಾರೀಲೇ ತಣ್ಣಗಾಗುತ್ತೆ. ಹಾಗಾಗಿ ಬಾವಿ ಪಕ್ಕದಲ್ಲೇ ಗ್ರೀನ್‌ಹೌಸೋ ಊರೋ ಇರಬೇಕು.

ಹಂಗೇರಿ ಬಯಲಲ್ಲಿ ಭೂಮಿಯ ಹೊರಪದರ ತೆಳು. ಕಿಲೋಮೀಟರ್ ಇಳಿದರೆ 45-50 ಡಿಗ್ರಿ ಏರುತ್ತೆ. ಜಗತ್ತಿನ ಸರಾಸರಿ 25-30 ಅಷ್ಟೇ. ನಮ್ಮದು ಹಳೇ ತಣ್ಣನೆ ಬಂಡೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಲ್ಲೂ ಬಂಡೆಯ ಬಿಸಿ 65 ಡಿಗ್ರಿ ಆಸುಪಾಸು. ಹೈದೂಸೊಬೊಸ್ಲೊದಲ್ಲಿ ಸುಮಾರು 1,091 ಮೀಟರಲ್ಲೇ ಅದಕ್ಕಿಂತ ಹೆಚ್ಚು! ಈ ಲೆಕ್ಕದಲ್ಲಿ ನಮ್ಮ 1,500 ಅಡಿ ಬೋರಿನ ತಳ ಮೇಲಿಗಿಂತ ಐದಾರು ಡಿಗ್ರಿ ಬೆಚ್ಚಗಿದ್ದರೆ ಹೆಚ್ಚು. ಅದನ್ನ ನಂಬಿ ಯಾರಾದ್ರೂ ದುಡ್ಡು ಕೇಳಿದರೆ ಕೊಡಬೇಡಿ.

ಕಥೆಯ ಉಳಿದ ಭಾಗ ನಮಗೂ ಸೇರಿದ್ದು. ಅಲ್ಲಿ ಬಹಳ ವರ್ಷ ಬಿಸಿನೀರು ಎತ್ತಿ, ಶಾಖ ತೆಗೆದು, ಉಪ್ಪುನೀರನ್ನ ಕಾಲುವೆಗೆ ಬಿಟ್ಟರು. ಒಳಗಿನ ಒತ್ತಡ ಇಳಿಯಿತು, ತಾನಾಗಿ ಉಕ್ಕುತ್ತಿದ್ದ ಬಾವಿಗಳಿಗೂ ಪಂಪ್ ಇಳಿಸಬೇಕಾಯ್ತು. ಈಗ ತಣಿದ ನೀರನ್ನ ಇನ್ನೊಂದು ಬಾವಿಯಿಂದ ಒಳಗೆ ಕಳಿಸೋ ಕೆಲಸ ನಡೀತಿದೆ. ಮರಳುಕಲ್ಲಿನ ಸಂದಿ ಕಟ್ಟಿಕೊಳ್ಳೋದ್ರಿಂದ ಅದು ಸುಲಭವಲ್ಲ, ಖರ್ಚೂ ಜಾಸ್ತಿ.

ನಮ್ಮ ಫೇಲಾದ ಬೋರು ಬಿಸಿನೀರು ಕೊಡಲ್ಲ. ಸುತ್ತ ಗುಂಡಿ ತೆಗೆದು, ಜಲ್ಲಿ ಮರಳು ತುಂಬಿ ಮಳೆನೀರು ಸೋಸಿ ಇಳಿಸಿದರೆ ಇಂಗುಬಾವಿ ಆಗಬಹುದು. ಅದೂ ಬೇಡವಾದರೆ ಇವತ್ತೇ ಬಾಯಿ ಮುಚ್ಚಿಸಿ. ಮಕ್ಕಳು ಓಡಾಡೋ ಜಾಗ.