ಬುತ್ತಿಯ ಗಂಟು

ಮನೆಯಲ್ಲಿ ಮಾಡಿ, ಮನೆಯಿಂದಾಚೆ, ಹೊತ್ತು ಕಳೆದ ಮೇಲೆ ಉಣ್ಣಲೆಂದು ಕಟ್ಟಿಕೊಂಡು ಹೋಗುವ ಅಡುಗೆಗೆ ಕನ್ನಡದಲ್ಲಿ ಬುತ್ತಿ ಎಂದು ಹೆಸರು. ಹೊಲಕ್ಕೆ ಹೋಗುವ ರೈತ, ಸಂತೆಗೆ ಹೊರಟ ವ್ಯಾಪಾರಿ, ಜಾತ್ರೆಗೆ ನಡೆಯುವ ಭಕ್ತ, ಶಾಲೆಗೆ ಹೋಗುವ ಮಗು, ಎಲ್ಲರಿಗೂ ಈ ಒಂದೇ ಮಾತು ಸಾಕಾಗಿತ್ತು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಕಿರಿದಾದ ಅರ್ಥವೂ ಉಂಟು. ಮೊಸರು ಕಲಸಿ ಒಗ್ಗರಣೆ ಕೊಟ್ಟ ಅನ್ನ ಮನೆಯ ತಟ್ಟೆಯಲ್ಲೇ ಇದ್ದರೂ ಅಲ್ಲಿ ಅದು ಮೊಸರು ಬುತ್ತಿ. ದಾರಿಗೆಂದು ಹುಟ್ಟಿದ ಅಡುಗೆ ಮನೆಯಲ್ಲಿ ಕುಳಿತು ಉಣ್ಣುವಾಗಲೂ ದಾರಿಯ ಹೆಸರನ್ನು ಬಿಟ್ಟುಕೊಡಲಿಲ್ಲ. ಭುಕ್ತಿಯ ತದ್ಭವ ಬುತ್ತಿ ಎಂಬ ವಿವರಣೆಯನ್ನು ಅಷ್ಟಕ್ಕೇ ಬಿಡಬಹುದು. ಪದ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದು ಯಾವ ಕ್ರಿಯಾಪದದ ಜೊತೆ ಬಾಳಿತು ಎನ್ನುವುದು ಹೆಚ್ಚು ಸಂಗತಿಗಳನ್ನು ಹೇಳುತ್ತದೆ.

ಇಂದು ಬುತ್ತಿ ಎಲ್ಲಿದೆ ಎಂದು ನೋಡಿದರೆ ಬೇಸರವಾಗುತ್ತದೆ. ಸನ್ಮಾನ ಸಮಾರಂಭದ ವರದಿಗಳಲ್ಲಿ ಹಿರಿಯರು ‘ನೆನಪಿನ ಬುತ್ತಿ’ ಬಿಚ್ಚಿಡುತ್ತಾರೆ. ನಿವೃತ್ತರಾದವರು ‘ಅನುಭವದ ಬುತ್ತಿ’ ಹಂಚುತ್ತಾರೆ. ಪ್ರವಚನಗಳ ಸಂಗ್ರಹಕ್ಕೆ ‘ದಾರಿಬುತ್ತಿ’ ಎಂಬ ಹೆಸರು ಸಲೀಸಾಗಿ ಒದಗುತ್ತದೆ. ಆದರೆ ಬೆಂಗಳೂರಿನ ಯಾವುದೇ ಶಾಲೆಯ ಗೇಟಿನಲ್ಲಿ ಬೆಳಗಿನ ಹೊತ್ತು ಕೇಳಿಬರುವ ಮಾತೇ ಬೇರೆ: ‘ಬಾಕ್ಸ್ ತಗೊಂಡ್ಯಾ? ಸ್ನ್ಯಾಕ್ಸ್ ಬೇರೆ ಇದೆ, ಲಂಚ್ ಬೇರೆ ಇದೆ, ಮಿಕ್ಸ್ ಮಾಡ್ಕೋಬೇಡ.’ ಅನ್ನವಿದ್ದ ಪದದಲ್ಲಿ ಈಗ ನೆನಪು ಮಾತ್ರ ತುಂಬಿದೆ. ಅನ್ನಕ್ಕೆ ಪಾತ್ರೆಯ ಹೆಸರು, ಅದೂ ಎರವಲು ಹೆಸರು, ಬಂದು ಕೂತಿದೆ. ರೂಪಕವಾಗಿ ಮೆರೆಯುತ್ತಿರುವ ಪದವೊಂದು ದಿನಬಳಕೆಯಿಂದ ಜಾರಿಹೋದರೆ ಆ ರೂಪಕವೂ ಹೆಚ್ಚು ಕಾಲ ಬಾಳುವುದಿಲ್ಲ. ಬುತ್ತಿಯನ್ನು ಬಿಚ್ಚಿ ಉಂಡು ಗೊತ್ತಿಲ್ಲದ ಓದುಗನಿಗೆ ನೆನಪಿನ ಬುತ್ತಿ ಬಿಚ್ಚಿದರೆ ಏನು ಕಾಣಬೇಕು?

ಬುತ್ತಿಯ ಜೊತೆಗಾರ ಕ್ರಿಯಾಪದ ‘ಕಟ್ಟು’. ಅದರ ಇನ್ನೊಂದು ಕೊನೆ ‘ಬಿಚ್ಚು’. ಬುತ್ತಿಯನ್ನು ಯಾರೂ ಮುಚ್ಚಲಿಲ್ಲ, ತೆರೆಯಲಿಲ್ಲ, ತುಂಬಲೂ ಇಲ್ಲ. ಧಾರವಾಡದ ಕಡೆಯ ತಾಯಿ ‘ಬುತ್ತಿ ಕಟ್ಟೀನಿ, ತಗೊಂಡ ಹೋಗು’ ಎನ್ನುತ್ತಾಳೆಯೇ ಹೊರತು ಬುತ್ತಿ ಹಾಕೀನಿ ಎನ್ನುವುದಿಲ್ಲ. ಇಲ್ಲಿ ಒಂದು ಊಹೆಯನ್ನು ಧೈರ್ಯವಾಗಿ ಮುಂದಿಡಬಹುದು: ಬುತ್ತಿ ಎಂಬುದು ಬಳಕೆಯಲ್ಲಿ ಅಡುಗೆಯ ಹೆಸರಾಗಿರುವುದಕ್ಕಿಂತ ಗಂಟಿನ ಹೆಸರು. ಒಳಗಿನದು ರೊಟ್ಟಿಯಾದರೂ, ಅನ್ನವಾದರೂ, ಅವಲಕ್ಕಿಯಾದರೂ ಅದನ್ನು ಬುತ್ತಿ ಮಾಡುತ್ತಿದ್ದದ್ದು ಅರಿವೆಯ ನಾಲ್ಕು ತುದಿ ಸೇರಿಸಿ ಹಾಕಿದ ಗಂಟು. ಗಂಟು ಹೋಗಿ ಮುಚ್ಚಳ ಬಂದ ದಿನ ಬುತ್ತಿಗೆ ಕೆಲಸ ತಪ್ಪಿತು. ಬಟ್ಟೆಯ ಜಾಗಕ್ಕೆ ಹಿತ್ತಾಳೆಯ ಡಬ್ಬಿ, ಅಲ್ಯೂಮಿನಿಯಂ ಮತ್ತು ಸ್ಟೀಲು, ಒಂದರ ಮೇಲೊಂದು ಕೂರುವ ಕ್ಯಾರಿಯರ್, ಈಗ ಬಣ್ಣದ ಪ್ಲಾಸ್ಟಿಕ್ಕು ಬಂದವು. ಬುತ್ತಿ, ಡಬ್ಬಿ, ಟಿಫಿನ್, ಬಾಕ್ಸ್ ಎಂದು ಹೆಸರು ಬದಲಾಗುತ್ತ ಹೋದದ್ದು ಆ ಹಾದಿಯಲ್ಲೇ.

ಈ ಊಹೆಗೆ ಪುರಾಣದ ಬೆಂಬಲವೂ ಇದೆ. ಭಾಗವತದ ಕುಚೇಲ ಮತ್ತು ಕೃಷ್ಣ ಸಾಂದೀಪನಿಯ ಗುರುಕುಲದಲ್ಲಿ ಸಹಪಾಠಿಗಳು. ವರ್ಷಗಳ ಮೇಲೆ ಕುಚೇಲ ದ್ವಾರಕೆಗೆ ಹೊರಟಾಗ ಹೆಂಡತಿ ನೆರೆಹೊರೆಯಲ್ಲಿ ಬೇಡಿ ತಂದ ನಾಲ್ಕು ಹಿಡಿ ಅವಲಕ್ಕಿಯನ್ನು ಹಳೆಯ ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಡುತ್ತಾಳೆ. ಕೃಷ್ಣ ತಾನೇ ಕಿತ್ತುಕೊಂಡು ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಗೆಳೆಯನ ಕೈಯಿಂದ ಬುತ್ತಿ ಕಿತ್ತು ತಿನ್ನುವ ಶಾಲೆಯ ಹುಡುಗರ ಚಾಳಿ ದೊರೆಯಾದ ಮೇಲೂ ಬಿಟ್ಟಿರಲಿಲ್ಲ. ಅದೇ ಗ್ರಂಥದಲ್ಲಿ ಯಮುನೆಯ ದಡದಲ್ಲಿ ಗೊಲ್ಲರ ಹುಡುಗರು ಸುತ್ತುಗಟ್ಟಿ ಕುಳಿತು ಮನೆಯಿಂದ ತಂದದ್ದನ್ನು ಒಬ್ಬರಿಗೊಬ್ಬರು ರುಚಿ ತೋರಿಸುತ್ತ ಉಣ್ಣುವ ಸನ್ನಿವೇಶವಿದೆ. ಗೋಕುಲಾಷ್ಟಮಿಯ ಸಮಯದಲ್ಲಿ ಮಹಾರಾಷ್ಟ್ರದಲ್ಲಿ ಮತ್ತು ಅದಕ್ಕೆ ಹತ್ತಿದ ಕನ್ನಡ ನಾಡಿನಲ್ಲಿ ಎಲ್ಲವನ್ನೂ ಒಟ್ಟಿಗೆ ಕಲಸಿ ಮಾಡುವ ಗೋಪಾಲಕಾಲಾ ಎಂಬ ತಿನಿಸು ಆ ಊಟದ ನೆನಪಿಗಾಗಿಯೇ. ಬುತ್ತಿಗೆ ಹಂಚಿಕೆ ಅಂದಿನಿಂದಲೂ ಅಂಟಿಕೊಂಡು ಬಂದಿದೆ.

ಹೆಸರು ಹೋದರೂ ಕ್ರಿಯಾಪದ ಹೋಗಲಿಲ್ಲ. ಹೋಟೆಲಿನ ಗಲ್ಲಾದ ಮುಂದೆ ನಿಂತವರು ಇಂದಿಗೂ ‘ಎರಡು ಇಡ್ಲಿ ಕಟ್ಟಿ’ ಎನ್ನುತ್ತಾರೆ. ಬಾಳೆಲೆ, ಪೇಪರು, ದಾರ ಹೋಗಿ ಪ್ಲಾಸ್ಟಿಕ್ ಡಬ್ಬ ಬಂದಮೇಲೂ ‘ಪಾರ್ಸೆಲ್ ಕಟ್ಟಿ’ ಎಂದೇ ಮಾತು. ಕ್ಲಿಪ್ಪು ಒತ್ತಿ ಮುಚ್ಚುವ ಪೆಟ್ಟಿಗೆಗೂ ‘ಡಬ್ಬಿ ಕಟ್ಟಿದ್ದೀನಿ’ ಎನ್ನುವ ಅಮ್ಮಂದಿರು ಇನ್ನೂ ಇದ್ದಾರೆ. ಅಲ್ಲಿ ಕಟ್ಟುವುದಕ್ಕೆ ಏನೂ ಇಲ್ಲ. ಬುತ್ತಿ ತನ್ನ ಗಂಟನ್ನು ಮಾತಿನಲ್ಲಿ ಬಿಟ್ಟುಹೋಗಿದೆ. ಈಚೆಗೆ ಆ ‘ಕಟ್ಟು’ವನ್ನೂ ‘ಪ್ಯಾಕ್ ಮಾಡು’ ನುಂಗುತ್ತಿದೆ, ಮತ್ತು ಇದು ನಿಜವಾದ ನಷ್ಟ. ಪ್ಯಾಕ್ ಮಾಡುವುದು ಸಾಮಾನಿಗೆ. ಕಟ್ಟಿಕೊಡುವುದು ಮನುಷ್ಯರಿಗೆ. ‘ಕೊಡು’ ಎಂಬ ಆ ಸಹಾಯಕ ಕ್ರಿಯೆಯಲ್ಲಿ ಉಣ್ಣುವವನು ಒಬ್ಬನಿದ್ದಾನೆ. ಬುತ್ತಿ ಗಂಟಿನ ಹೆಸರು ಎಂಬ ಊಹೆಗೆ ಕರಾವಳಿಯಲ್ಲಿ ಮಾತ್ರ ಒಂದು ತೊಡಕಿದೆ. ಅಲ್ಲಿ ಬುತ್ತಿ ಗಂಟಿನ ಜೊತೆ ಹೋಗದೆ ಪಾತ್ರೆಯೊಳಗೆ ಇಳಿದು ಉಳಿದಿದೆ, ಮಕ್ಕಳು ಶಾಲೆಗೆ ಬುತ್ತಿ ಒಯ್ಯುತ್ತಾರೆ. ಊಹೆ ಸ್ವಲ್ಪ ಸಡಿಲವಾದರೂ ಪದ ಉಳಿದದ್ದಕ್ಕೆ ಸಂತೋಷಪಡಬೇಕು.

ಬುತ್ತಿಯ ವಿಷಯದಲ್ಲಿ ಕನ್ನಡ ಆಡಿದ ಅತ್ಯಂತ ಗಟ್ಟಿಯಾದ ಮಾತು ಒಂದು ಗಾದೆ: ‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಎಷ್ಟು ದಿನ?’ ಬುದ್ಧಿಯ ಬದಲು ‘ಹೇಳಿಕೊಟ್ಟ ಮಾತು’ ಎನ್ನುವವರೂ ಇದ್ದಾರೆ. ಆದರೆ ಬುತ್ತಿ, ಬುದ್ಧಿ ಎಂಬ ಪ್ರಾಸದ ಜೋಡಿಯೇ ಹೆಚ್ಚು ಗಟ್ಟಿ. ಶಾಲೆಯ ಚೀಲದ ಎರಡು ಖಾನೆಗಳನ್ನೂ ಒಂದೇ ಉಸಿರಿನಲ್ಲಿ ಹೇಳಿದ ಗಾದೆ ಇದು: ಒಂದರಲ್ಲಿ ಕಟ್ಟಿಕೊಟ್ಟದ್ದು, ಇನ್ನೊಂದರಲ್ಲಿ ಹೇಳಿಕೊಟ್ಟದ್ದು. ಇದನ್ನು ಸಾಮಾನ್ಯವಾಗಿ ಸ್ವಂತ ಬುದ್ಧಿಯಿಲ್ಲದವನನ್ನು ಹಂಗಿಸಲು ಬಳಸುತ್ತಾರೆ. ಮಾವನ ಮನೆಯವರು ಹೇಳಿಕೊಟ್ಟಂತೆ ಮಾತಾಡುವ ಅಳಿಯ, ವಕೀಲ ಹೇಳಿಕೊಟ್ಟಂತೆ ಸಾಕ್ಷಿ ಹೇಳುವವ, ಇಂಥವರ ಮೇಲೆ ಇದನ್ನು ಎಸೆಯುವುದು ವಾಡಿಕೆ. ಒತ್ತೆಲ್ಲ ಬುದ್ಧಿಯ ಮೇಲೆ ಬಿದ್ದು ಬುತ್ತಿ ಬರಿಯ ಹೋಲಿಕೆಯಾಗಿ ಪಕ್ಕಕ್ಕೆ ಸರಿಯುತ್ತದೆ.

ಆದರೆ ಗಾದೆ ಕಟ್ಟಿದವರು ಬುತ್ತಿ ಕಟ್ಟಿ ಗೊತ್ತಿದ್ದವರು. ‘ಎಷ್ಟು ದಿನ?’ ಎಂಬುದು ಅವರಿಗೆ ಬರಿಯ ತಿರಸ್ಕಾರದ ಪ್ರಶ್ನೆಯಾಗಿರಲಾರದು, ಅಡುಗೆಮನೆಯ ಲೆಕ್ಕವೂ ಆಗಿರಬೇಕು. ಕಲಸಿದ ಅನ್ನ ಮಧ್ಯಾಹ್ನಕ್ಕೆ. ಚಪಾತಿ ಮಾರನೆಯ ದಿನಕ್ಕೂ ಆದೀತು. ಒಣಗಿಸಿದ ಜೋಳದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ವಾರಗಟ್ಟಲೆ ಕೆಡುವುದಿಲ್ಲ. ಯುಗಾದಿಯ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದು ಹೋಗುವವರು ಇಂಥ ರೊಟ್ಟಿಯನ್ನು ನಂಬಿಯೇ ಹೊರಡುತ್ತಿದ್ದರು. ದಾರಿ ಎಷ್ಟು ಉದ್ದವೋ ಬುತ್ತಿಯೂ ಅಷ್ಟು ಬಾಳಬೇಕು, ಅದಕ್ಕೆ ತಕ್ಕ ಅಡುಗೆ ಮಾಡುವುದೇ ಜಾಣತನ. ಹೀಗೆ ಓದಿದರೆ ಗಾದೆಯ ಪ್ರಶ್ನೆಗೆ ಉತ್ತರವಿದೆ. ಬುತ್ತಿ ಮುಂದಿನ ನಿಲುಗಡೆಯವರೆಗೆ, ಅಷ್ಟೇ. ಅದರಾಚೆ ನಡೆಯುವವನು ತಾನೇ ಒಲೆ ಹೂಡಬೇಕು.

ಒಂದನೆಯ ತರಗತಿಯ ಮಗುವಿಗೆ ಆ ನಿಲುಗಡೆ ಹನ್ನೆರಡೂವರೆಯ ಗಂಟೆ. ಮನೆಯಲ್ಲಿ ಕಟ್ಟಿದ್ದು ಅಲ್ಲಿಗೆ ಮುಗಿಯುತ್ತದೆ, ನಾಳೆ ಬೆಳಿಗ್ಗೆ ಮತ್ತೆ ಕಟ್ಟಬೇಕು. ಹೇಳಿಕೊಟ್ಟದ್ದೂ ಹಾಗೆಯೇ. ‘ಅ’ ಬರೆಯುವುದನ್ನು ಇಂದು ಕಲಿತ ಮಗು ನಾಳೆ ಮರೆತಿರುತ್ತದೆ, ಮೇಷ್ಟರು ಮತ್ತೆ ಕೈಹಿಡಿದು ತಿದ್ದಿಸುತ್ತಾರೆ. ದೊಡ್ಡವರನ್ನು ಹಂಗಿಸುವ ಗಾದೆ ಮಕ್ಕಳ ಮಟ್ಟಿಗೆ ಹಂಗಿಸುವ ಗಾದೆಯೇ ಅಲ್ಲ, ತಂದೆತಾಯಿಗೂ ಗುರುವಿಗೂ ದಿನದಿನದ ಕೆಲಸವನ್ನು ನೆನಪಿಸುವ ಮಾತು. ಎರಡು ಬಾರಿ ಬರುವ ‘ಕೊಟ್ಟ’ ಎಂಬ ಪದವನ್ನು ಒತ್ತಿ ಹೇಳಿದರೆ ಇದು ತಾನಾಗಿ ಕೇಳಿಸುತ್ತದೆ. ಶಾಲೆಗಳ ಗೋಡೆಯ ಮೇಲೆ ಬರೆಸಲು ಯೋಗ್ಯವಾದ ಗಾದೆ ಬೈಗುಳಕ್ಕೆ ಮೀಸಲಾಗಿರುವುದು ತಪ್ಪು.

ಬುತ್ತಿಯಲ್ಲಿ ಏನಿರುತ್ತದೆ ಎಂಬುದು ಊರಿಂದೂರಿಗೆ ಬೇರೆ. ಬಯಲುಸೀಮೆಯಲ್ಲಿ ಚಪಾತಿಯ ಸುರುಳಿಗೆ ಬೆಲ್ಲ, ತುಪ್ಪ, ಇಲ್ಲವೆ ಗುರೆಳ್ಳಿನ ಪುಡಿ. ಮೈಸೂರಿನ ಕಡೆ ಚಿತ್ರಾನ್ನ, ಪುಳಿಯೋಗರೆ, ಎಣ್ಣೆ ಸವರಿ ಚಟ್ನಿಪುಡಿ ಹಚ್ಚಿದ ಇಡ್ಲಿ. ಮಲೆನಾಡಿನಲ್ಲಿ ಅಕ್ಕಿರೊಟ್ಟಿ. ಹೊತ್ತಾದಂತೆ ಗಟ್ಟಿಯಾಗುವ ಬಿಸಿಬೇಳೆಬಾತಿನಂಥವು ಬುತ್ತಿಗೆ ಅಷ್ಟು ಒಗ್ಗುವುದಿಲ್ಲ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ ಉಣ್ಣುವ ಬುತ್ತಿಯಂತೂ ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳ ದೊಡ್ಡ ಸಂಭ್ರಮ. ಅಂದು ಶಾಲೆಗೆ ಹೋಗುವ ಮಕ್ಕಳೂ ಬಂಡಿ ಹತ್ತುತ್ತಾರೆ.

ಇವುಗಳಲ್ಲೆಲ್ಲ ಮೊಸರನ್ನದ ಬುತ್ತಿ ನಿಜವಾದ ಕಸುಬು. ಬೆಳಿಗ್ಗೆಯೇ ಮೊಸರು ಸುರಿದು ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿ ಏರಿ ಮಗು ಮುಖ ಕಿವಿಚುತ್ತದೆ. ತಿಳಿದವರು ಹಾಗೆ ಮಾಡುವುದಿಲ್ಲ. ಅನ್ನ ಬಿಸಿಯಿರುವಾಗಲೇ ಚೆನ್ನಾಗಿ ಮಸೆದು, ಕಾಯಿಸಿದ ಹಾಲು ಬೆರೆಸಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಮೊಸರು ಮಾತ್ರ ಹಾಕುತ್ತಾರೆ. ಶಾಲೆಯಲ್ಲಿ ಪಾಠ ನಡೆಯುತ್ತಿರುವಾಗ ಚೀಲದೊಳಗೆ ಹಾಲು ಹೆಪ್ಪುಗಟ್ಟುತ್ತಿರುತ್ತದೆ. ಊಟದ ಗಂಟೆ ಹೊಡೆಯುವ ವೇಳೆಗೆ ಅನ್ನ ಸಿಹಿಮೊಸರಿನಲ್ಲಿ ಕೂತಿರುತ್ತದೆ. ಮೇಲೆ ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ. ಮಗು ಚಿಕ್ಕದಾದರೆ ಮೆಣಸಿನಕಾಯಿಯನ್ನು ತೆಗೆದಿಡುವುದೂ ಈ ಕಸುಬಿನ ಭಾಗವೇ.

ಬಟ್ಟೆಯ ಗಂಟಿಗೆ ಇನ್ನೂ ಎರಡು ಗುಣಗಳಿದ್ದವು. ರೊಟ್ಟಿಯ ಹಬೆ ಅರಿವೆಯಿಂದ ಹೊರಗೆ ಹೋಗುತ್ತಿತ್ತು. ಬಿಸಿಯಾಗಿ ತುಂಬಿ ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಅದೇ ಹಬೆ ಮುಚ್ಚಳದಲ್ಲಿ ನೀರಾಗಿ ರೊಟ್ಟಿಯ ಮೇಲೆಯೇ ತೊಟ್ಟಿಕ್ಕುತ್ತದೆ, ಆರಿಸಿ ಮುಚ್ಚದಿದ್ದರೆ ಬೇಗ ಹಳಸುತ್ತದೆ. ಎರಡನೆಯ ಗುಣ ಗಂಟಿನದೇ. ಸಣ್ಣ ಬೆರಳುಗಳಿಗಾಗಿ ಕಗ್ಗಂಟು ಹಾಕದೆ, ಎಳೆದರೆ ಬಿಚ್ಚುವ ಜಾರುಗಂಟು ಹಾಕಬಹುದಿತ್ತು. ಇಂದು ಒಂದನೆಯ ತರಗತಿಯ ಊಟದ ಹೊತ್ತಿನಲ್ಲಿ ಕ್ಲಿಪ್ಪು ತೆಗೆಯಲಾರದೆ ಡಬ್ಬಿ ಹಿಡಿದು ಟೀಚರ್ ಮುಂದೆ ಸಾಲುಗಟ್ಟುವ ಮಕ್ಕಳನ್ನು ಅನೇಕ ಶಾಲೆಗಳಲ್ಲಿ ನೋಡಬಹುದು. ಹೊಸ ಡಬ್ಬಿ ಕೊಳ್ಳುವವರು ಅದರ ಮೇಲಿನ ಚಿತ್ರಕ್ಕಿಂತ ಮೊದಲು ಮಗುವಿನ ಕೈಗೆ ಕೊಟ್ಟು ತೆಗೆಸಿ ನೋಡಬೇಕು.

ಸರ್ಕಾರಿ ಶಾಲೆಗಳಲ್ಲಿ ಬುತ್ತಿಯ ಕಥೆ ಬೇರೆ ತಿರುವು ಪಡೆಯಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಶಾಲೆಯೂಟದ ಯೋಜನೆ ಆರಂಭವಾಗಿ ಆಮೇಲೆ ರಾಜ್ಯದ ತುಂಬ ಹರಡಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಯೋಜನೆಯ ಹಾಲು ಬಂತು, ಮುಂದೆ ಮೊಟ್ಟೆ, ಬಾಳೆಹಣ್ಣು ಬಂದವು. ಕಟ್ಟಿಕೊಡಲು ಮನೆಯಲ್ಲಿ ಏನೂ ಇಲ್ಲದ ಮಕ್ಕಳಿಗೆ ಇದು ಎಷ್ಟು ದೊಡ್ಡ ಆಸರೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಭಾಷೆಯ ದೃಷ್ಟಿಯಿಂದಲೂ ಇಲ್ಲಿ ಒಂದು ಗೆಲುವಿದೆ. ದಾಸೋಹ ಶರಣರ ಮಾತು. ಜನರ ಬಾಯಲ್ಲಿ ನಿಂತದ್ದು ಅದಕ್ಕಿಂತಲೂ ಸರಳವಾದ ‘ಬಿಸಿಯೂಟ’. ಇಂಗ್ಲಿಷಿನ ಹಂಗಿಲ್ಲದೆ ಅಧಿಕಾರಿ, ಅಡುಗೆಯವರು, ಮಗು ಮೂವರೂ ಒಂದೇ ಪದ ಬಳಸುತ್ತಾರೆ. ಆರಿದ ಬುತ್ತಿಗೆ ಎದುರಾಗಿ ಬಿಸಿಯ ಊಟ ಎಂಬ ಹೆಮ್ಮೆಯೂ ಆ ಪದದಲ್ಲಿದೆ.

ಖಾಸಗಿ ಶಾಲೆಗಳಿಗೆ ಅಂಥ ಅದೃಷ್ಟ ಬರಲಿಲ್ಲ. ಅಲ್ಲಿ ಪೆನ್ಸಿಲ್ ಇಡುವುದೂ ಬಾಕ್ಸ್, ಕೈವಾರ ಇಡುವುದೂ ಬಾಕ್ಸ್, ಅನ್ನ ಇಡುವುದೂ ಬಾಕ್ಸ್. ‘ಬಾಕ್ಸ್ ಖಾಲಿ ಮಾಡಿದ್ಯಾ?’ ಎಂಬ ಸಂಜೆಯ ಪ್ರಶ್ನೆಯಲ್ಲಿ ಊಟದ ಸುಳಿವೇ ಇಲ್ಲ. ಹತ್ತೂವರೆಯ ಬಿಡುವಿಗೆ ತಿನ್ನುವುದನ್ನು ತಿಂಡಿ ಎಂದರೆ ಯಾವ ಕೊರತೆಯಾಗುತ್ತಿತ್ತು? ಅದು ‘ಸ್ನ್ಯಾಕ್ಸ್’ ಆದಮೇಲೆ ಉಪ್ಪಿಟ್ಟು, ಅವಲಕ್ಕಿಗಳು ಆ ಹೆಸರಿಗೆ ತಕ್ಕವಲ್ಲವೆಂಬ ಭಾವನೆ ಮಕ್ಕಳಲ್ಲಿ ಬೆಳೆದು, ಆ ಜಾಗಕ್ಕೆ ಬಿಸ್ಕತ್ತು, ಚಿಪ್ಸುಗಳು ಬಂದವು. ಹೆಸರು ಬದಲಾದರೆ ತಟ್ಟೆಯೂ ಬದಲಾಗುತ್ತದೆ ಎಂಬುದಕ್ಕೆ ಇಷ್ಟು ಹತ್ತಿರದ ಉದಾಹರಣೆ ಬೇರೆ ಸಿಗದು.

ಬಿಸಿಯೂಟ ನೆಲೆಯೂರಿದ ನಾಡಿನಲ್ಲಿ ಬುತ್ತಿ ಮರಳಿ ಬರುವುದು ಕಷ್ಟವೇನಲ್ಲ. ಪೋಷಕರಿಗೆ ಕನ್ನಡದಲ್ಲಿ ಸೂಚನೆ ಕಳಿಸುವ ಶಾಲೆಗಳು ‘ಲಂಚ್ ಬಾಕ್ಸ್ ತರತಕ್ಕದ್ದು’ ಎಂಬಲ್ಲಿ ‘ಬುತ್ತಿ ಕಟ್ಟಿಕೊಡಿ’ ಎಂದು ಬರೆಯಲಿ. ಮನೆಯಲ್ಲಿ ಸ್ಟೀಲ್ ಡಬ್ಬಿ ಡಬ್ಬಿಯಾಗಿಯೇ ಇರಲಿ, ಅದರೊಳಗೆ ಹೋಗುವುದನ್ನು ಮಾತ್ರ ಮಗುವಿನೆದುರು ಬುತ್ತಿ ಎಂದು ಕರೆಯಿರಿ.