ಹೆಡ್‌ಮಾಸ್ತರರ ಕುರ್ಚಿಯ ಇತಿಹಾಸ

ಶಾಲೆಯನ್ನು ನಡೆಸುವವರು ಯಾರೆಂದು ಶಿಕ್ಷಕರನ್ನು ಕೇಳಿ ನೋಡಿರಿ. ‘ಹೆಡ್‌ಮಾಸ್ತರರು’ ಎನ್ನುತ್ತಾರೆ. ಹೆಡ್‌ಮಾಸ್ತರರನ್ನೇ ಕೇಳಿದರೆ ‘ಎಲ್ಲಾ ಮೇಲಿನವರದು’ ಎನ್ನುತ್ತಾರೆ. ಈ ಎರಡು ಉತ್ತರಗಳ ಬೇರು ತಡಸದ ಸುತ್ತಲಿನ ನಮ್ಮ ಸೀಮೆಯ ಇತಿಹಾಸದಲ್ಲಿಯೇ ಇದೆ.

ನಮ್ಮ ಶಿಗ್ಗಾಂವಿ ತಾಲೂಕಿನ ಶಿಶುನಾಳ ಶರೀಫ ಸಾಹೇಬರು (1819–1889) ತತ್ವಪದಕಾರರೆಂದು ಎಲ್ಲರೂ ಬಲ್ಲರು. ಅವರು ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಗೊತ್ತು? ಆಗಿನ ಹಳ್ಳಿ ಶಾಲೆಗೆ ಸಾಮಾನ್ಯವಾಗಿ ಒಬ್ಬರೇ ಮಾಸ್ತರರು. ಅಕ್ಷರ ತಿದ್ದಿಸುವವರೂ ಅವರೇ, ಹಾಜರಿ ಬರೆಯುವವರೂ ಅವರೇ. ಶಾಲೆಯೊಳಗೆ ಅವರ ಮೇಲೆ ಯಾರೂ ಇರಲಿಲ್ಲ. ಆದರೆ 1855ರಲ್ಲಿ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ ಏರ್ಪಟ್ಟ ಮೇಲೆ ತಪಾಸಣೆಗೆ ಬರುವ ಸಾಹೇಬರ ಷರಾವೇ ಮಾಸ್ತರರ ಹಣೆಬರಹವಾಯಿತು. ಎಲ್ಲ ಸಾಹೇಬರೂ ಒಂದೇ ತರಹದವರಾಗಿರಲಿಲ್ಲವೆನ್ನಿ. ಡೆಪ್ಯುಟಿ ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಶಾಲೆಯಲ್ಲಿ ಶಿಕ್ಷಕರನ್ನು ತಯಾರು ಮಾಡಿದರು. ಮರಾಠಿಯ ಪ್ರಾಬಲ್ಯವಿದ್ದ ಈ ಭಾಗದಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದರು. ಶಾಲೆಯ ಮುಂದಾಳು ಎಂದರೆ ಮೊದಲು ಸ್ವತಃ ಪಾಠ ಮಾಡಬಲ್ಲವನು ಎಂಬುದಕ್ಕೆ ನನ್ನ ಮಟ್ಟಿಗೆ ಅವರೇ ಉದಾಹರಣೆ.

ಹಣ ಎಲ್ಲಿಂದ ಬರುತ್ತಿತ್ತು? ರೈತನ ಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆ ಪಟ್ಟಿ. ಅದರ ಮೂರನೆಯ ಒಂದು ಪಾಲು ಶಾಲೆಗೆ. ಕೊಟ್ಟವನು ಊರಿನವನು, ಮಾತು ನಡೆಯುತ್ತಿದ್ದುದು ಇಲಾಖೆಯದು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆಯಿಂದ ಆಡಳಿತ ಲೋಕಲ್ ಬೋರ್ಡುಗಳಿಗೆ ಬಂದಿತು. ಆಗಲೂ ಕುರ್ಚಿ ಧಾರವಾಡದಲ್ಲಿಯೇ ಉಳಿಯಿತು, ಹಳ್ಳಿಗೆ ಬರಲಿಲ್ಲ.

ಹಳ್ಳಿಯ ಪಾಲಕರಿಗೆ ಶಾಲೆಯಲ್ಲಿ ಕಾಯಂ ಜಾಗ ಸಿಕ್ಕಿದ್ದು 2001ರಲ್ಲಿ. ಡಾ. ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯಂತೆ ಸರಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಬಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕೆಂದಿತು. ಇದು ದೊಡ್ಡ ಮಾತು. ಆದರೆ ಇದೇ ವರ್ಷಗಳಲ್ಲಿ ಬಿಸಿಯೂಟದ ಅಕ್ಕಿ-ಬೇಳೆ ಲೆಕ್ಕ, ಕಟ್ಟಡದ ಲೆಕ್ಕ, ಕಂಪ್ಯೂಟರಿಗೆ ತುಂಬುವ ಮಾಹಿತಿ ಎಲ್ಲವೂ ಹೆಡ್‌ಮಾಸ್ತರರ ಮೇಜಿಗೆ ಬಂದವು. ಸಹಶಿಕ್ಷಕರ ಕಣ್ಣಿಗೆ ಅವರು ಕಾಗದದ ಮನುಷ್ಯರಾದರು. ತಮ್ಮ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಲಿ ಎಂದು ಶಿಕ್ಷಕರು ಬಯಸುತ್ತಾರೆ. ಅದಕ್ಕೇ ಬಿಡುವಿಲ್ಲ ಎಂದು ಹೆಡ್‌ಮಾಸ್ತರರು ಕೊರಗುತ್ತಾರೆ. ಇಬ್ಬರ ಮಾತೂ ನಿಜ.

ಸರಕಾರಿ ಶಾಲೆಗಳದ್ದಾಯಿತು. ಸಂಘ-ಸಂಸ್ಥೆಗಳ ಶಾಲೆಗಳಲ್ಲಿ ನಾವೇ ‘ಮೇಲಿನವರು’. ನೇಮಕಾತಿ, ಶುಲ್ಕ, ಕಟ್ಟಡಗಳನ್ನು ಕಮಿಟಿ ನೋಡಿಕೊಳ್ಳಲಿ. ವೇಳಾಪತ್ರಿಕೆಗೂ ಕಮಿಟಿಯ ಸಹಿ ಬೇಕೆಂದರೆ ಆ ಕುರ್ಚಿಯಲ್ಲಿ ಕುಳಿತವರು ಏನು ಮಾಡಬೇಕು? ಸದಸ್ಯ ಬಾಂಧವರೇ, ಮುಂದಿನ ಸಭೆಗೆ ಮುಖ್ಯೋಪಾಧ್ಯಾಯರನ್ನು ಲೆಕ್ಕ ಒಪ್ಪಿಸಲು ಮಾತ್ರ ಕರೆಯಬೇಡಿರಿ. ಐದನೆಯ ತರಗತಿಯಲ್ಲಿ ಓದಲು ಬಾರದ ಮಕ್ಕಳು ಎಷ್ಟು, ಅವರಿಗಾಗಿ ತಮಗೆ ಏನು ಬೇಕು ಎಂದು ಕೇಳಿರಿ.