ಭೋಗ್ಯ: ಉಂಡರೂ ತನ್ನದಾಗದ ಅಡವು

ಬೆಂಗಳೂರಿನಲ್ಲಿ ಇಂದಿಗೂ ಮನೆ ಭೋಗ್ಯಕ್ಕೆ ಸಿಗುತ್ತದೆ. ಇಡುಗಂಟು ಕೊಟ್ಟವರು ಬಾಡಿಗೆಯಿಲ್ಲದೆ ವಾಸಿಸುತ್ತಾರೆ, ಮಾಲೀಕರು ಬಡ್ಡಿಯಿಲ್ಲದೆ ಹಣ ಬಳಸುತ್ತಾರೆ, ಅವಧಿ ಮುಗಿದಾಗ ಅಸಲು ಹಿಂದಿರುಗಬೇಕು. ಬ್ಯಾಂಕಿನ ಸಾಲ ಸಿಗದವರ ಉಪಾಯವೆಂದು ಇದನ್ನು ತಳ್ಳಿಹಾಕುವುದು ತಪ್ಪು. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ದಲ್ಲೇ ಅಡವುಗಳು ಎರಡು ಬಗೆ: ಕಾದಿಡುವ ಗೋಪ್ಯ, ಅನುಭವಿಸುವ ಭೋಗ್ಯ. ಅದು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ, ಗಡುವಿಟ್ಟ ಅಡವು ಗಡುವು ಮೀರಿದರೆ ಕೈತಪ್ಪುತ್ತದೆ. ಫಲ ಉಣ್ಣುವ ಅಡವು ಮಾತ್ರ ಕೈತಪ್ಪುವುದಿಲ್ಲ. ಈ ಕರಾರಿನ ತಿರುಳು ಬಡ್ಡಿಯ ಲೆಕ್ಕಕ್ಕಿಂತ ಹೆಚ್ಚಾಗಿ, ಮರಳಿ ಪಡೆಯುವ ಹಕ್ಕಿನಲ್ಲಿದೆ ಎಂಬುದೇ ನನ್ನ ವಾದ.

ಹೊಲವನ್ನು ಭೋಗ್ಯಕ್ಕಿಟ್ಟ ಸಾಲಗಾರ ಅಸಲು ಹೊಂದಿಸಲಾಗದೆ ಇದ್ದಾಗ ಧನಿಕ ಅಸಲಿನ ಎಷ್ಟೋ ಪಟ್ಟು ಬೆಳೆ ಉಣ್ಣುತ್ತಿದ್ದನಲ್ಲ, ಇದು ಶೋಷಣೆಯಲ್ಲವೇ ಎಂದು ಕೇಳಬಹುದು. ಆಕ್ಷೇಪಣೆ ನ್ಯಾಯವಾದದ್ದೇ. ಆದರೂ ಆ ಸ್ಥಿತಿಯಲ್ಲಿ ರೈತನಿಗೆ ಉಳಿದ ಆಸರೆಯೆಂದರೆ ಹೊಲವನ್ನು ಮರಳಿ ಪಡೆಯುವ ಹಕ್ಕೊಂದೇ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಭೋಗ್ಯದ ಅಡಮಾನವನ್ನು ಹೆಸರಿಸಿ ಗುರುತಿಸಿತು. ಅಡವಿಟ್ಟ ದಿನದಿಂದ 30 ವರ್ಷ ಕಳೆದಿದೆ ಎಂಬ ಒಂದೇ ಕಾರಣಕ್ಕೆ ಅಂಥ ಜಮೀನನ್ನು ಬಿಡಿಸಿಕೊಳ್ಳುವ ಹಕ್ಕು ಅಳಿಯುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.